ಚಾಗದ ಎರಡು ಮುಖ: ಬಿಟ್ಟದ್ದು ಮತ್ತು ಕೊಟ್ಟದ್ದು

ಭಾದ್ರಪದ ಶುಕ್ಲ ಪಂಚಮಿಯಂದು ಮೊದಲಾಗುವ ದಶಲಕ್ಷಣ ಪರ್ವದ ಎಂಟನೆಯ ದಿನ ಉತ್ತಮ ತ್ಯಾಗಕ್ಕೆ ಮೀಸಲು. ಆ ದಿನ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಯಾವ ಊರಿನ ಬಸದಿಯ ಅಂಗಳದಲ್ಲಿ ನಿಂತರೂ ಎರಡು ಬಗೆಯ ಮಾತು ಕಿವಿಗೆ ಬೀಳುತ್ತದೆ. ಒಂದು, ನೇಮ ಹಿಡಿದವರ ಮಾತು. "ಚಾ ತಗೋರಿ ಅಕ್ಕಾರ" ಎಂದು ಯಾರಾದರೂ ಕಪ್ಪು ಮುಂದೆ ಹಿಡಿದರೆ "ಬ್ಯಾಡ್ರೀ, ಚಾತುರ್ಮಾಸ ಮುಗಿಯೂತನಕ ಸಕ್ರಿ ಬಿಟ್ಟೀನಿ" ಎಂಬ ಉತ್ತರ ಬರುತ್ತದೆ. ಇನ್ನೊಂದು, ಸವಾಲಿನ ಮಾತು. ಮೊದಲ ಕಲಶ ಯಾರದು, ಶಾಂತಿಧಾರೆ ಯಾರದು, ಆರತಿ ಯಾರದು ಎಂದು ಧ್ವನಿವರ್ಧಕದಲ್ಲಿ ಕೂಗಿ, ಹೆಚ್ಚು ಹಣ ಹೇಳಿದವರ ಹೆಸರನ್ನು ಮತ್ತೆ ಮತ್ತೆ ಸಾರುತ್ತಾರೆ. ಸಕ್ಕರೆ ಬಿಟ್ಟವರು ತ್ಯಾಗ ಮಾಡಿದರೆಂದೂ ಸವಾಲು ಹಿಡಿದವರು ದಾನ ಮಾಡಿದರೆಂದೂ ಊರು ಲೆಕ್ಕ ಹಾಕುತ್ತದೆ. ಬಿಟ್ಟವರು ಕೊಡಬೇಕೆಂಬ ನಿಯಮವಿಲ್ಲ. ಕೊಟ್ಟವರು ಬಿಡಬೇಕೆಂಬ ನಿಯಮವೂ ಇಲ್ಲ. ಒಂದೇ ಅಂಗಳದಲ್ಲಿ ನಡೆಯುವ ಈ ಎರಡು ಕೆಲಸಗಳಿಗೆ ಪರಸ್ಪರ ಪರಿಚಯವೇ ಇಲ್ಲದಂತಾಗಿದೆ. ಕನ್ನಡದ ಹಳೆಯ ನುಡಿಯಲ್ಲಿ, ಜೈನ ಶಾಸ್ತ್ರದಲ್ಲಿ, ಅದಕ್ಕಿಂತ ಹೆಚ್ಚಾಗಿ ನೋಂಪಿಯ ಆಚರಣೆಯಲ್ಲಿ ಇವು ಹೀಗೆ ಅಗಲಿರಲಿಲ್ಲ.

ಮೊದಲು ಪದವನ್ನೇ ನೋಡಬಹುದು. ತ್ಯಾಗ ಶಬ್ದದ ತದ್ಭವ ‘ಚಾಗ’. ತ್ಯಾಗಿಯ ತದ್ಭವ ‘ಚಾಗಿ’. ಇಂದಿನ ವಿದ್ಯಾರ್ಥಿ ಚಾಗಿ ಎಂದೊಡನೆ ಮನೆಮಠ ತೊರೆದು ಹೊರಟವನನ್ನು ಕಲ್ಪಿಸಿಕೊಂಡರೆ ಹಳಗನ್ನಡ ಕಾವ್ಯದ ಓದಿನಲ್ಲಿ ಬಹಳ ಕಡೆ ಎಡವುತ್ತಾನೆ. ಕವಿಗಳ ಹಾಗೂ ಶಾಸನಕಾರರ ಚಾಗಿ ಕೈಬಿಚ್ಚಿ ಕೊಡುವ ಉದಾರಿ. 941ರ ವಿಕ್ರಮಾರ್ಜುನ ವಿಜಯದಲ್ಲಿ ಪಂಪ ಬನವಾಸಿಯ ಜನರನ್ನು ಮೆಚ್ಚಿ ಮಾತಾಡುವಾಗ ಚಾಗವನ್ನೂ ಭೋಗವನ್ನೂ ಒಂದರ ಮಗ್ಗುಲಲ್ಲಿ ಒಂದನ್ನು ಇಡುತ್ತಾನೆ. ಚಾಗಕ್ಕೆ ವಿರಕ್ತಿ ಎಂಬಷ್ಟೇ ಅರ್ಥವಿದ್ದಿದ್ದರೆ ಅದು ಭೋಗದ ಜೊತೆ ಹೀಗೆ ಹೊಂದಿಕೊಂಡು ಕೂರುತ್ತಿರಲಿಲ್ಲ. ಚೆನ್ನಾಗಿ ಉಣ್ಣಬಲ್ಲವನು, ಚೆನ್ನಾಗಿ ಕೊಡಬಲ್ಲವನು ಕವಿಯ ಕಣ್ಣಿಗೆ ಒಬ್ಬನೇ ಮನುಷ್ಯ. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಚಾವುಂಡರಾಯ ನಿಲ್ಲಿಸಿದ ಕಂಬವನ್ನು ತ್ಯಾಗದ ಕಂಬ, ಚಾಗದ ಕಂಬ ಎಂದು ಕರೆಯುವುದೂ ಅಲ್ಲಿ ದಾನ ಹಂಚುತ್ತಿದ್ದರೆಂಬ ಐತಿಹ್ಯದ ಬಲದಿಂದಲೇ. ಸಂಸ್ಕೃತದಲ್ಲಿಯೂ ಸ್ಥಿತಿ ಬೇರೆಯಲ್ಲ. ಕಾಳಿದಾಸನ ರಘುವಂಶದ ಅರಸರು ಹಣ ಕೂಡಿಸಿಟ್ಟದ್ದರ ಉದ್ದೇಶವನ್ನು ಹೇಳುವಾಗಲೂ ಬರುವುದು ಇದೇ ಶಬ್ದ.

ಆದರೂ ಕೊಡುವ ಅರ್ಥದ ಒಳಗೆ ಬಿಡುವ ಅರ್ಥ ಉಸಿರಾಡುತ್ತಲೇ ಇತ್ತು. ಕರ್ಣ ಮೈಗಂಟಿದ ಕವಚವನ್ನು ಕೊಯ್ದು ಇಂದ್ರನ ಕೈಗಿಡುವ ಪ್ರಸಂಗವನ್ನು ನೆನೆಯಬಹುದು. ಅಲ್ಲಿ ಯಾವುದು ಬಿಟ್ಟದ್ದು, ಯಾವುದು ಕೊಟ್ಟದ್ದು ಎಂದು ಬಿಡಿಸಿ ತೋರಿಸಲು ಬರುವುದಿಲ್ಲ. ಭಂಡಾರದಿಂದ ಎತ್ತಿಕೊಟ್ಟ ಹೊನ್ನಿಗಿಂತ ಈ ಕವಚವನ್ನು ಲೋಕ ಹೆಚ್ಚು ನೆನಪಿಟ್ಟಿದ್ದರೆ ಅದಕ್ಕೆ ಕಾರಣ, ಕೊಟ್ಟ ಮೇಲೆ ಕೊಟ್ಟವನ ಮೈಯಲ್ಲಿ ಅದರ ಗುರುತು ಉಳಿದದ್ದು. ಹೊಸಗನ್ನಡಕ್ಕೆ ಬರುವ ಹೊತ್ತಿಗೆ ಚಾಗ ಬಳಕೆಯಿಂದ ಜಾರಿತು. ತತ್ಸಮವಾದ ತ್ಯಾಗ ಬಿಡುವುದಕ್ಕೆ ಮಾತ್ರ ಸಲ್ಲತೊಡಗಿತು. ಕೊಡುವ ಕೆಲಸವೆಲ್ಲ ದಾನದ ಪಾಲಾಯಿತು. ಒಂದು ಪದ ಎರಡಾದಾಗ ಅದು ಹೆಸರಿಸುತ್ತಿದ್ದ ನಡತೆಯೂ ಎರಡಾಗುತ್ತದೆಯೇ ಎಂಬುದು ಭಾಷಾವಿಜ್ಞಾನಿಗಳು ವಾದಿಸಬೇಕಾದ ವಿಷಯ. ಈ ಪದದ ಮಟ್ಟಿಗೆ ಹಾಗೆ ಆಗಿದೆ ಎನ್ನಲು ಬಸದಿಯ ಅಂಗಳವೇ ಸಾಕ್ಷಿ.

ಶಾಸ್ತ್ರದ ಕಡೆ ತಿರುಗಿದರೆ ಗೊಂದಲ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಹತ್ತು ಧರ್ಮಗಳ ಪಟ್ಟಿಯಿದೆ. ಅದರಲ್ಲಿ ತಪಸ್ಸು ಏಳನೆಯದು, ತ್ಯಾಗ ಎಂಟನೆಯದು, ಆಕಿಂಚನ್ಯ ಒಂಬತ್ತನೆಯದು. ಅದೇ ಅಧ್ಯಾಯ ಮುಂದೆ ಬಾಹ್ಯ ತಪಸ್ಸಿನ ಆರು ಬಗೆಗಳನ್ನು ಎಣಿಸುವಾಗ ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನಗಳಾದ ಮೇಲೆ ನಾಲ್ಕನೆಯದಾಗಿ ರಸಪರಿತ್ಯಾಗವನ್ನು ಹೇಳುತ್ತದೆ. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ-ಸಕ್ಕರೆ, ಉಪ್ಪು ಇವುಗಳಲ್ಲಿ ಒಂದನ್ನೋ ಕೆಲವನ್ನೋ ಬಿಡುವುದು ಈ ರಸಪರಿತ್ಯಾಗ. ಅಂದಮೇಲೆ ಸಕ್ಕರೆ ಬಿಡುವುದು ಸೂತ್ರಕಾರನ ಲೆಕ್ಕದಲ್ಲಿ ತಪಸ್ಸಿಗೆ ಸೇರಿದ್ದು, ಏಳನೆಯ ದಿನದ ಕೆಲಸ. ಎಂಟನೆಯ ದಿನದ ತ್ಯಾಗ ಯಾವುದೆಂದು ತಿಳಿಯಲು ಪೂಜ್ಯಪಾದರ ಸರ್ವಾರ್ಥಸಿದ್ಧಿಯನ್ನು ತೆರೆಯಬೇಕು. ತೀರ್ಥಂಕರತ್ವಕ್ಕೆ ಕಾರಣವಾಗುವ ಹದಿನಾರು ಭಾವನೆಗಳಲ್ಲಿ ಶಕ್ತಿಗೆ ತಕ್ಕ ತ್ಯಾಗ ಎಂಬುದೊಂದು ಬರುತ್ತದೆ. ಅಲ್ಲಿ ಪೂಜ್ಯಪಾದರು ತ್ಯಾಗವೆಂದರೆ ದಾನ ಎಂದೇ ಅರ್ಥ ಹೇಳಿ, ಆಹಾರ, ಅಭಯ, ಜ್ಞಾನ ಎಂದು ಅದನ್ನು ಮೂರಾಗಿ ವಿಂಗಡಿಸುತ್ತಾರೆ. ದಶಧರ್ಮದ ತ್ಯಾಗವನ್ನೂ ಅವರು ವಿವರಿಸುವುದು ಸಂಯಮಿಗೆ ಯೋಗ್ಯವಾದ ಜ್ಞಾನಾದಿಗಳ ದಾನ ಎಂದು. ಆರನೆಯ ಶತಮಾನಕ್ಕೆ ಸೇರುವ ಈ ಕನ್ನಡ ನಾಡಿನ ಆಚಾರ್ಯರ ಅಭಿಪ್ರಾಯ ಪರ್ವದ ಪ್ರವಚನಗಳಲ್ಲಿ ಯಾಕೆ ಅಪರೂಪವೋ ತಿಳಿಯದು.

ಇನ್ನೊಂದು ಸಣ್ಣ ಸಂಗತಿ. ಶ್ರಾವಕನ ಶೀಲವ್ರತಗಳನ್ನು ಹೇಳುವ ಏಳನೆಯ ಅಧ್ಯಾಯದ ಸೂತ್ರದಲ್ಲಿ ಕೊನೆಯ ಎರಡು ವ್ರತಗಳು ಉಪಭೋಗ-ಪರಿಭೋಗ ಪರಿಮಾಣ ಮತ್ತು ಅತಿಥಿಸಂವಿಭಾಗ. ತನ್ನ ಭೋಗಕ್ಕೆ ಮಿತಿ ಹಾಕಿಕೊಳ್ಳುವುದು ಒಂದು; ಇದ್ದದ್ದನ್ನು ಅತಿಥಿಯೊಡನೆ ಹಂಚಿಕೊಳ್ಳುವುದು ಅದರ ಬೆನ್ನಿಗೇ ಬರುವ ಇನ್ನೊಂದು. ಸಮಂತಭದ್ರರ ರತ್ನಕರಂಡಕದಲ್ಲಿ ಈ ಜೋಡಣೆ ಇಲ್ಲ. ಅವರು ಭೋಗೋಪಭೋಗ ಪರಿಮಾಣವನ್ನು ಗುಣವ್ರತಗಳಲ್ಲಿಟ್ಟು, ದಾನವನ್ನು ವೈಯಾವೃತ್ಯವೆಂಬ ಶಿಕ್ಷಾವ್ರತದಲ್ಲಿ ಸೇರಿಸುತ್ತಾರೆ. ಆದ್ದರಿಂದ ಸೂತ್ರದ ಅನುಕ್ರಮದ ಮೇಲೆ ಬಹಳ ಭಾರ ಹಾಕುವುದು ಸರಿಯಲ್ಲ. ಆದರೆ ಸಮಂತಭದ್ರರು ಭೋಗಕ್ಕೆ ಮಿತಿ ಹಾಕುವ ವಿಧಾನವನ್ನು ವಿವರಿಸುವ ಬಗೆ ಸೊಗಸಾಗಿದೆ. ಊಟ, ವಾಹನ, ಹಾಸಿಗೆ, ಸ್ನಾನ, ಲೇಪ, ಹೂ, ತಾಂಬೂಲ, ಬಟ್ಟೆ, ಒಡವೆ, ಸಂಗೀತ ಇವನ್ನೆಲ್ಲ ಒಂದು ದಿನಕ್ಕೆ, ಪಕ್ಷಕ್ಕೆ, ತಿಂಗಳಿಗೆ, ಋತುವಿಗೆ ಎಂದು ಅವಧಿ ಹಾಕಿಕೊಂಡು ಬಿಡಬಹುದು. ಅವಧಿಯಿದ್ದರೆ ನಿಯಮ, ಬದುಕಿರುವತನಕ ಆದರೆ ಯಮ. ತಾಂಬೂಲದಂಥ ಸಣ್ಣ ಸುಖಕ್ಕೂ ಆಚಾರ್ಯರ ಪಟ್ಟಿಯಲ್ಲಿ ಜಾಗ ಸಿಕ್ಕಿದೆ. ಇಂದು ಬರೆದಿದ್ದರೆ ಚಹಾ, ಗುಟಕಾ, ಮೊಬೈಲು ಸೇರುತ್ತಿದ್ದವು.

ಇಲ್ಲಿ ಒಂದು ಪ್ರಶ್ನೆಯನ್ನು ನೇರವಾಗಿ ಕೇಳಿಕೊಳ್ಳಬೇಕು. ಗೃಹಸ್ಥನೊಬ್ಬ ಚಾತುರ್ಮಾಸದಲ್ಲಿ ಹೋಟೆಲಿನ ಚಹಾ ಬಿಟ್ಟ ಎನ್ನೋಣ. ದಿನಕ್ಕೆ ಎರಡು ಸಲ, ಸಲಕ್ಕೆ 10 ರೂಪಾಯಿ. ನಾಲ್ಕು ತಿಂಗಳಿಗೆ 2,400 ರೂಪಾಯಿ. ಈ ಹಣ ಎಲ್ಲಿ ಹೋಯಿತು? ಅವನ ಜೇಬಿನಲ್ಲೇ ಉಳಿಯಿತು. ಭೋಗ ಕಡಿಮೆಯಾಯಿತು, ಪರಿಗ್ರಹ ಅಷ್ಟೇ ಹೆಚ್ಚಿತು. ಪರಿಗ್ರಹ ಪರಿಮಾಣ ಅಣುವ್ರತ. ಭೋಗ ಪರಿಮಾಣ ಅದಕ್ಕೆ ಬೇಲಿಯಾಗಿ ಬಂದ ಶೀಲ. ಬೇಲಿ ಕಟ್ಟಿದ ಸಂಭ್ರಮದಲ್ಲಿ ಹೊಲ ಒತ್ತುವರಿಯಾದದ್ದು ಯಾರ ಗಮನಕ್ಕೂ ಬರುವುದಿಲ್ಲ.

ಮುನಿಗಳ ವಿಷಯದಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ಈ ಸೀಮೆಯ ಜನ ರಸತ್ಯಾಗವನ್ನು ಪುಸ್ತಕದಿಂದ ಕಲಿತವರಲ್ಲ, ಕಣ್ಣಾರೆ ಕಂಡವರು. ದೂಧಗಂಗಾ-ವೇದಗಂಗಾ ಸಂಗಮದ ಭೋಜ ಗ್ರಾಮದ ಪಾಟೀಲ ಮನೆತನದಲ್ಲಿ 1872ರಲ್ಲಿ ಹುಟ್ಟಿದ ಸಾತಗೌಡರು ಆಚಾರ್ಯ ಶಾಂತಿಸಾಗರರಾಗಿ ದಿಗಂಬರ ಮುನಿಪರಂಪರೆಗೆ ಇಪ್ಪತ್ತನೆಯ ಶತಮಾನದಲ್ಲಿ ಮರುಜೀವ ಕೊಟ್ಟರು; 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟರು. ಕಾಗವಾಡ ತಾಲ್ಲೂಕಿನ ಶೇಡಬಾಳದಲ್ಲಿ 1925ರಲ್ಲಿ ಜನಿಸಿದವರು ಆಚಾರ್ಯ ವಿದ್ಯಾನಂದರು. 1946ರಲ್ಲಿ ಚಿಕ್ಕೋಡಿ ತಾಲ್ಲೂಕಿನ ಸದಲಗಾದಲ್ಲಿ ಹುಟ್ಟಿ 2024ರ ಫೆಬ್ರವರಿಯಲ್ಲಿ ಡೋಂಗರಗಢದಲ್ಲಿ ಸಮಾಧಿಸ್ಥರಾದ ಆಚಾರ್ಯ ವಿದ್ಯಾಸಾಗರರು ಉಪ್ಪು, ಸಕ್ಕರೆಗಳನ್ನು ಜೀವನಪರ್ಯಂತ ಬಿಟ್ಟಿದ್ದರು. ಸುತ್ತಲೂ ಕಬ್ಬಿನ ಗದ್ದೆ, ಹಂಗಾಮಿನಲ್ಲಿ ಹಗಲಿರುಳು ಹೊಗೆಯಾಡುವ ಸಕ್ಕರೆ ಕಾರ್ಖಾನೆಗಳು. ಅಂಥ ನೆಲದಲ್ಲಿ ಬೆಳೆದವರು ಸಕ್ಕರೆ ಬಿಟ್ಟರೆ ಅದರ ಮಾತೇ ಬೇರೆ. ಶ್ರಾವಕ ಇದನ್ನು ನೋಡಿ ಭಕ್ತಿಯಿಂದ ಅನುಕರಿಸುತ್ತಾನೆ. ಆದರೆ ಮುನಿ ಸಕ್ಕರೆ ಬಿಟ್ಟಾಗ ಉಳಿತಾಯವಾಗುವ ಹಣವಿಲ್ಲ, ಅದನ್ನಿಡಲು ಜೇಬೂ ಇಲ್ಲ. ಆದ್ದರಿಂದಲೇ ಪೂಜ್ಯಪಾದರು ಮುನಿಯ ತ್ಯಾಗವನ್ನು ಜ್ಞಾನದಾನವೆಂದರು: ಇರುವ ಒಂದೇ ಸಂಪತ್ತು ಅದು. ಶ್ರಾವಕ ಮುನಿಯ ತಪಸ್ಸಿನ ಅರ್ಧವನ್ನು ಎತ್ತಿಕೊಂಡು, ಆ ತಪಸ್ಸಿಗೆ ಅರ್ಥ ಕೊಟ್ಟ ಅಪರಿಗ್ರಹವನ್ನು ಅಲ್ಲೇ ಬಿಟ್ಟು ಬಂದಿದ್ದಾನೆ.

ಹಿಂದಿನವರಿಗೆ ಈ ತೊಡಕು ಗೊತ್ತಿತ್ತು ಎಂಬುದಕ್ಕೆ ನೋಂಪಿಯೇ ಆಧಾರ. ‘ನೋನ್’ ಎಂಬ ಹಳಗನ್ನಡ ಧಾತುವಿನಿಂದ ಬಂದ ನೋಂಪಿಗೆ ವ್ರತವೆಂದೇ ಅರ್ಥ. ಅನಂತನ ನೋಂಪಿ, ಜೀವದಯಾಷ್ಟಮಿ ನೋಂಪಿ, ನಂದೀಶ್ವರ ನೋಂಪಿ ಮುಂತಾದವುಗಳ ಕಥೆಗಳು ತಾಡೋಲೆಗಳಲ್ಲಿ ಹೇರಳವಾಗಿವೆ. ಸಾಹಿತ್ಯ ಚರಿತ್ರೆಕಾರರು ಇವನ್ನು ಒಂದೆರಡು ಸಾಲಿನಲ್ಲಿ ಮುಗಿಸುವುದುಂಟು. ಮಹಾಕಾವ್ಯಗಳ ಪಕ್ಕದಲ್ಲಿ ಇವು ಬಡವಾಗಿ ಕಾಣುವುದೂ ನಿಜ. ಆದರೆ ಹೆಣ್ಣುಮಕ್ಕಳು ನೂರಾರು ವರ್ಷ ಓದಿಸಿ ಕೇಳಿದ ಸಾಹಿತ್ಯ ಇದು. ಪ್ರತಿಯೊಂದು ನೋಂಪಿಗೂ ಎರಡು ಭಾಗ. ಮೊದಲನೆಯದು ಇಷ್ಟು ವರ್ಷ ಇಂಥ ತಿಥಿಯಂದು ಉಪವಾಸ ಅಥವಾ ಒಪ್ಪೊತ್ತು. ಎರಡನೆಯದು ಉದ್ಯಾಪನೆ: ವ್ರತ ಮುಗಿದಾಗ ಶಾಸ್ತ್ರ ಬರೆಯಿಸಿ ಕೊಡುವುದು, ಬಿಂಬ ಮಾಡಿಸುವುದು, ಮುನಿ-ಆರ್ಯಿಕೆಯರಿಗೆ, ಶ್ರಾವಕರಿಗೆ ಆಹಾರ ನೀಡುವುದು. ಉದ್ಯಾಪನೆಯಾಗದೆ ನೋಂಪಿ ಪೂರ್ತಿಯಾಗದು. ಬಿಟ್ಟದ್ದು ಕೊಟ್ಟದ್ದಾಗಿ ಮಾರ್ಪಟ್ಟಾಗ ಮಾತ್ರ ಅದಕ್ಕೆ ಮುಕ್ತಾಯ.

ಧವಲಾ ಟೀಕೆಯ ತಾಡೋಲೆ ಇದರ ಫಲ. ಷಟ್ಖಂಡಾಗಮಕ್ಕೆ ವೀರಸೇನರು ಬರೆದ ಈ ಬೃಹತ್ ಟೀಕೆಯ ಪ್ರತಿ ಮೂಡಬಿದಿರೆಯಲ್ಲಿ ಹಳಗನ್ನಡ ಲಿಪಿಯಲ್ಲಿ ಉಳಿದು ಬಂದಿದೆ. ಅದರ ಪ್ರಶಸ್ತಿಯ ಪ್ರಕಾರ, ಮಂಡಲಿನಾಡಿನ ಭುಜಬಲಗಂಗ ಪೆರ್ಮಾಡಿದೇವನ ಅತ್ತೆ ದೇಮಿಯಕ್ಕ ಶ್ರುತಪಂಚಮಿಯ ನೋಂಪಿಯನ್ನು ನೋಂತು, ಉದ್ಯಾಪನೆಯ ಕಾಲದಲ್ಲಿ ಇದನ್ನು ಬರೆಯಿಸಿ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳು. ಕಾಲ ಹನ್ನೆರಡನೆಯ ಶತಮಾನದ ಆರಂಭ. ಮಹಾಬಂಧದ ಪ್ರತಿಯ ಕಥೆಯೂ ಹೀಗೆಯೇ: ಮಲ್ಲಿಕಬ್ಬೆ ಶ್ರೀಪಂಚಮಿಯ ನೋಂಪಿಯ ಉದ್ಯಾಪನೆಗೆ ಅದನ್ನು ಬರೆಯಿಸಿ ಮಾಘನಂದಿ ಮುನಿಗಳಿಗೆ ಕೊಟ್ಟಳು. ದಿಗಂಬರ ಪರಂಪರೆಯ ಅತ್ಯಂತ ಪ್ರಾಚೀನ ಸಿದ್ಧಾಂತಗ್ರಂಥಗಳು ನಮ್ಮವರೆಗೆ ಬಂದದ್ದು ಇಬ್ಬರು ಹೆಣ್ಣುಮಕ್ಕಳು ಪಂಚಮಿಯ ದಿನಗಳಲ್ಲಿ ಉಣ್ಣದೆ ಉಳಿದದ್ದರ ಫಲವಾಗಿ ಎಂದರೆ ತಪ್ಪಲ್ಲ. ಶಾಂತಿಪುರಾಣದ ಸಾವಿರ ಪ್ರತಿ ಬರೆಯಿಸಿದ ಅತ್ತಿಮಬ್ಬೆಯನ್ನು ಎಲ್ಲರೂ ಬಲ್ಲರು. ಸರ್ಕಾರ ಅವಳ ಹೆಸರಿನಲ್ಲಿ ಪ್ರಶಸ್ತಿಯನ್ನೂ ಇಟ್ಟಿದೆ. ದೇಮಿಯಕ್ಕ, ಮಲ್ಲಿಕಬ್ಬೆಯರ ಹೆಸರು ಎಂ.ಎ. ತರಗತಿಯಲ್ಲಿ ಕೇಳಿಬರುವುದೂ ಕಡಿಮೆ.

ವ್ರತವಿಧಾನದ ಗ್ರಂಥಗಳಲ್ಲಿ ಮತ್ತೆ ಮತ್ತೆ ಬರುವ ಒಂದು ನಿಯಮವನ್ನು ಇಲ್ಲಿ ಎತ್ತಿ ಹೇಳಲೇಬೇಕು. ಉದ್ಯಾಪನೆಗೆ ಶಕ್ತಿಯಿಲ್ಲದವರು ವ್ರತವನ್ನು ಇಮ್ಮಡಿ ಕಾಲ ಮಾಡತಕ್ಕದ್ದು ಎಂಬುದು ಆ ನಿಯಮ. ಬಡವಳು ಹಣದ ಬದಲು ಹಸಿವನ್ನೇ ಇನ್ನೊಂದಿಷ್ಟು ಕೊಡಬಹುದು. ಇದರ ಅರ್ಥ ವ್ರತವನ್ನೂ ದಾನವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೆಂದು ನಿಯಮ ಮಾಡಿದವರು ಭಾವಿಸಿದ್ದರು. ಆದರೆ ತಕ್ಕಡಿ ಒಂದೇ ಕಡೆ ವಾಲುತ್ತದೆ. ಹಣವಿದ್ದವನು ಉದ್ಯಾಪನೆಯನ್ನು ಎರಡರಷ್ಟು ಮಾಡಿ ಉಪವಾಸದಿಂದ ಪಾರಾಗಬಹುದೆಂಬ ಮಾತು ಅಲ್ಲಿ ಇಲ್ಲ. ಈ ಒಂದು ಮೌನದಲ್ಲಿ ಇಡೀ ನ್ಯಾಯ ಅಡಗಿದೆ. ಇಂದಿನ ಸವಾಲು ಸರಿಯಾಗಿ ಇದನ್ನೇ ತಲೆಕೆಳಗು ಮಾಡಿದೆ: ಏನನ್ನೂ ಬಿಡದವನು ಹಣದಿಂದ ಮೊದಲ ಕಲಶ ಹಿಡಿಯುತ್ತಾನೆ, ಹತ್ತು ದಿನ ನಿರಾಹಾರ ಇದ್ದ ವಿಧವೆ ಸಾಲಿನ ಕೊನೆಯಲ್ಲಿ ನಿಂತಿರುತ್ತಾಳೆ.

ಬೇರೆ ಪರಂಪರೆಗಳೂ ಇದೇ ತಕ್ಕಡಿಯನ್ನು ಹಿಡಿದು ನೋಡಿವೆ. ಎರಡನೆಯ ಶತಮಾನದ ರೋಮಿನಲ್ಲಿ ರಚಿತವಾದ ‘ಶೆಫರ್ಡ್ ಆಫ್ ಹರ್ಮಸ್’ ಎಂಬ ಕ್ರೈಸ್ತ ಗ್ರಂಥ, ಉಪವಾಸದ ದಿನ ತಿನ್ನಬಹುದಾಗಿದ್ದ ಊಟದ ಬೆಲೆಯನ್ನು ಲೆಕ್ಕ ಹಾಕಿ ವಿಧವೆಗೋ ಅನಾಥನಿಗೋ ಕೊಡಬೇಕೆಂದು ವಿಧಿಸುತ್ತದೆ. ಇಸ್ಲಾಮಿನಲ್ಲಿ ರೋಜಾ ಹಿಡಿಯಲಾಗದ ವೃದ್ಧರು, ರೋಗಿಗಳು ಅದರ ಬದಲು ಬಡವರಿಗೆ ಊಟ ಹಾಕುವ ಫಿದ್ಯಾ ಎಂಬ ಕ್ರಮವಿದೆ. ನೋಂಪಿಯಲ್ಲಿ ಕೊಡಲಾರದವರು ಹೆಚ್ಚು ಉಪವಾಸ ಮಾಡುತ್ತಾರೆ. ಫಿದ್ಯಾದಲ್ಲಿ ಉಪವಾಸ ಮಾಡಲಾರದವರು ಕೊಡುತ್ತಾರೆ. ದಿಕ್ಕು ಬೇರೆಯಾದರೂ ಎರಡರಲ್ಲೂ ಸೇತುವೆ ಇದೆ. 1965ರಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತು ಊಟ ಬಿಡಲು ದೇಶವನ್ನು ಕೇಳಿಕೊಂಡಾಗಲೂ ಮನಸ್ಸಿನಲ್ಲಿದ್ದುದು ಉಳಿದ ಧಾನ್ಯದ ಲೆಕ್ಕವೇ.

ಈ ಸೀಮೆಯಲ್ಲಿ ಸೇತುವೆ ಮುರಿದದ್ದು ಇತ್ತೀಚೆಗೆ. 1899ರಲ್ಲಿ ನಿಪ್ಪಾಣಿಯ ಹತ್ತಿರದ ಸ್ತವನಿಧಿ ಕ್ಷೇತ್ರದಲ್ಲಿ ದಕ್ಷಿಣ ಮಹಾರಾಷ್ಟ್ರ ಜೈನ ಸಭೆ ಹುಟ್ಟಿತು; ಮುಂದೆ ಅದೇ ದಕ್ಷಿಣ ಭಾರತ ಜೈನ ಸಭೆಯಾಯಿತು. ಅಣ್ಣಾಸಾಹೇಬ ಲಠ್ಠೆ ಮೊದಲಾದ ಆ ಕಾಲದ ವಿದ್ಯಾವಂತರು ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ಚತುರ್ವಿಧ ದಾನಕ್ಕೆ ಹೊಸ ಅರ್ಥ ಕೊಟ್ಟರು. ಶಾಸ್ತ್ರದಾನವೆಂದರೆ ಹಳ್ಳಿಯ ಹುಡುಗರಿಗೆ ಬೋರ್ಡಿಂಗು, ಓದು. ಉತ್ಸವಕ್ಕೂ ಮದುವೆಗೂ ಸುರಿಯುವ ಹಣದಲ್ಲಿ ಪಾಲು ತೆಗೆದು ಅದಕ್ಕೆ ಕೊಡಿ ಎಂಬುದು ಅವರ ಬೇಡಿಕೆ. ಕೊಲ್ಲಾಪುರ, ಸಾಂಗಲಿ, ಬೆಳಗಾವಿ, ಹುಬ್ಬಳ್ಳಿಗಳ ಜೈನ ಬೋರ್ಡಿಂಗುಗಳು ಈ ಬೇಡಿಕೆಯಿಂದ ಎದ್ದವು. ಚಿಕ್ಕೋಡಿ, ಅಥಣಿ ಭಾಗದ ಎಷ್ಟೋ ಮನೆಗಳ ಮೊದಲ ಪದವೀಧರ ಅಲ್ಲಿ ಉಂಡು ಓದಿದವನು.

ಅದೇ ವಾತಾವರಣದಲ್ಲಿ ಬೆಳೆದವರು ಕರ್ಮವೀರ ಭಾವುರಾವ್ ಪಾಟೀಲರು. 1887ರಲ್ಲಿ ಕುಂಭೋಜದಲ್ಲಿ ಜನಿಸಿದ ಈ ಜೈನ ಗೃಹಸ್ಥರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಸಾತಾರೆಯ ಅವರ ಬೋರ್ಡಿಂಗಿನಲ್ಲಿ ಎಲ್ಲ ಜಾತಿಯ ಹುಡುಗರು ಒಟ್ಟಿಗೆ ಅಡುಗೆ ಮಾಡಿ ಉಣ್ಣುತ್ತಿದ್ದರು. 1927ರಲ್ಲಿ ಗಾಂಧೀಜಿ ಬಂದು ಅದಕ್ಕೆ ಶಾಹು ಮಹಾರಾಜರ ಹೆಸರಿಟ್ಟರು. ಹುಡುಗರ ಊಟಕ್ಕೆ ಕಾಸಿಲ್ಲದ ದಿನಗಳಲ್ಲಿ ಭಾವುರಾಯರ ಪತ್ನಿ ಲಕ್ಷ್ಮೀಬಾಯಿ ಮೈಮೇಲಿನ ಒಡವೆಗಳನ್ನು ಒಂದೊಂದಾಗಿ ಮಾರಿ, ಕೊನೆಗೆ ತಾಳಿಯನ್ನೂ ಕೊಟ್ಟುಬಿಟ್ಟರು. ಮಡಿ-ಮೈಲಿಗೆ ನೋಡಿ ಬೆಳೆದ ಮನೆತನದ ಹೆಣ್ಣುಮಗಳು; ಹುಡುಗರ ತಾಯಿಯಾಗುವ ಹೊತ್ತಿಗೆ ಒಡವೆಯ ಜೊತೆ ಆ ಮಡಿಯನ್ನೂ ಬಿಟ್ಟಿದ್ದರು. 1930ರಲ್ಲಿ ಅವರು ತೀರಿಕೊಂಡರು. ಒಡವೆ ಸಮಂತಭದ್ರರ ಭೋಗದ ಪಟ್ಟಿಯಲ್ಲಿರುವ ವಸ್ತು. ಲಕ್ಷ್ಮೀಬಾಯಿಯವರದು ನಿಯಮವೋ ಯಮವೋ ದಾನವೋ ಎಂದು ವರ್ಗೀಕರಿಸ ಹೊರಟರೆ ಮೂರೂ ಅಲ್ಲಿ ಒಂದಾಗಿವೆ. ರಯತ ಸಂಸ್ಥೆಗಾಗಿ ಹಳ್ಳಿಗಳಲ್ಲಿ ನಡೆದ ಮುಷ್ಟಿಫಂಡದ ಕ್ರಮವೂ ಈ ಜಾತಿಯದೇ. ಮನೆಯಾಕೆ ಅಡುಗೆಗೆಂದು ತೆಗೆದ ಕಾಳಿನಲ್ಲಿ ಒಂದು ಹಿಡಿಯನ್ನು ಬೇರೆ ಮಡಕೆಯಲ್ಲಿ ಹಾಕುತ್ತಾಳೆ. ಆ ಹಿಡಿಯಷ್ಟು ಮನೆಯ ಊಟ ಕಡಿಮೆ, ಅಷ್ಟೇ ಬೋರ್ಡಿಂಗಿನ ಊಟ ಹೆಚ್ಚು.

ನಿಪ್ಪಾಣಿಯ ವಿಷಯಕ್ಕೆ ಬಂದಾಗ ಮಾತು ಇಷ್ಟು ಸಲೀಸಾಗಿ ಸಾಗುವುದಿಲ್ಲ. ಬೀಡಿ ತಂಬಾಕಿಗೆ ಹೆಸರಾದ ಊರು ಅದು. ಬೆಳೆಗೆ ನ್ಯಾಯವಾದ ಬೆಲೆ ಬೇಕೆಂದು 1981ರಲ್ಲಿ ಹೆದ್ದಾರಿಯ ಮೇಲೆ ಕುಳಿತ ತಂಬಾಕು ರೈತರ ಮೇಲೆ ಗೋಲಿಬಾರಾಗಿ ಹಲವರು ಸತ್ತರು. ವಖಾರಿಗಳಲ್ಲಿ ತಂಬಾಕಿನ ಧೂಳು ಕುಡಿದು ದುಡಿಯುತ್ತಿದ್ದ ಹೆಣ್ಣುಮಕ್ಕಳು ಸಂಘ ಕಟ್ಟಿದ ಕಥೆಯನ್ನು ಯುಗಾಂತರ್ ಎಂಬ ಮಹಿಳಾ ತಂಡ 1982ರಲ್ಲಿ ಸಾಕ್ಷ್ಯಚಿತ್ರವಾಗಿಸಿತು. ಇಂಥ ಊರಿನಲ್ಲಿ ವ್ಯಾಪಾರಿಯೊಬ್ಬ ಮುನಿಗಳ ಮುಂದೆ ತಂಬಾಕು ಬಿಟ್ಟೆನೆಂದು ನೇಮ ಹಿಡಿದು, ಮರುದಿನ ಅಂಗಡಿ ತೆರೆದು ಅದನ್ನೇ ಮಾರಿ, ಆ ಲಾಭದಲ್ಲಿ ಕಲಶದ ಸವಾಲು ಹಿಡಿದರೆ ಬಿಟ್ಟದ್ದೇನು, ಕೊಟ್ಟದ್ದೇನು? ಹದಿಮೂರನೆಯ ಶತಮಾನದ ಆಶಾಧರರು ಸಾಗಾರಧರ್ಮಾಮೃತದಲ್ಲಿ ಶ್ರಾವಕನ ಲಕ್ಷಣಗಳನ್ನು ಹೇಳಲು ಹೊರಟಾಗ ಮೊದಲು ಹೇಳಿದ್ದು ನ್ಯಾಯದಿಂದ ಗಳಿಸಿದ ಧನ ಎಂಬುದನ್ನು. ಹಾಗೆಂದು ತಂಬಾಕನ್ನು ಎಲ್ಲರೂ ಒಮ್ಮೆಲೇ ಬಿಡಲಿ ಎಂದು ಪ್ರವಚನಪೀಠದಿಂದ ಹೇಳಿಬಿಡುವುದೂ ಸುಲಭದ ಮಾತು. ಬೀಡಿ ಕಟ್ಟಿ ಮಕ್ಕಳನ್ನು ಓದಿಸುವ ತಾಯಿ ಅದರ ಬೆಲೆ ತೆರುತ್ತಾಳೆ. ಅವಳು ಬೆಳಿಗ್ಗೆ ಹಲ್ಲಿಗೆ ತಿಕ್ಕುವ ಮಶೇರಿಯ ಮೇಲೆ ಕಣ್ಣಿಡುವ ಮೊದಲು ಅವಳ ಬೀಡಿಯಿಂದ ಬಂದ ಲಾಭದ ಮೇಲೆ ಕಣ್ಣಿಡುವುದು ಉಚಿತ. ಬಿಟ್ಟದ್ದನ್ನು ಕೊಡಬೇಕೆಂಬ ನಿಯಮ ಎಲ್ಲರಿಗೂ ಒಂದೇ ಅಳತೆಯದಲ್ಲ. ಶಕ್ತಿಗೆ ತಕ್ಕಂತೆ ಎಂಬ ವಿಶೇಷಣ ಸೂತ್ರದಲ್ಲೇ ಇದೆ. ವ್ಯಾಪಾರಿಯ ಉದ್ಯಾಪನೆ ಆ ತಾಯಿಯ ಮಕ್ಕಳ ಶಾಲೆಗೋ ಅವಳ ಎದೆರೋಗದ ಔಷಧಕ್ಕೋ ಹೋದರೆ ಜ್ಞಾನ, ಔಷಧ ದಾನಗಳಿಗೆ ಅದಕ್ಕಿಂತ ಹತ್ತಿರದ ಪಾತ್ರ ಹುಡುಕಬೇಕಾಗಿಲ್ಲ.

ಇದಕ್ಕೆ ಎರಡು ಆಕ್ಷೇಪಗಳಿವೆ. ವ್ರತಕ್ಕೆ ರೂಪಾಯಿಯ ಲೆಕ್ಕ ಅಂಟಿಸಿದರೆ ವ್ರತ ವ್ಯಾಪಾರವಾಗುತ್ತದೆ, ಫಲಾಪೇಕ್ಷೆಯೆಂಬ ನಿದಾನಶಲ್ಯ ಅದರೊಳಗೆ ನುಸುಳುತ್ತದೆ ಎಂಬುದು ಮೊದಲನೆಯದು. ಈ ಮಾತಿನಲ್ಲಿ ತೂಕವಿದೆ. ಆದರೆ ಶಲ್ಯ ಅಂಟುವುದು ಮುಂದೆ ಸಿಗಬಹುದಾದ ಫಲದ ಲೆಕ್ಕದಿಂದ. ಇಲ್ಲಿ ಹೇಳುತ್ತಿರುವುದು ಈಗಾಗಲೇ ಜೇಬಿನಲ್ಲಿ ಉಳಿದ ಹಣದ ಲೆಕ್ಕ. ಸವಾಲಿನ ಹಣದಿಂದಲೇ ಎಷ್ಟೋ ಬಸದಿಗಳು ಜೀರ್ಣೋದ್ಧಾರವಾಗಿವೆ, ಅದನ್ನು ಹೀಗಳೆಯಬಾರದು ಎಂಬುದು ಎರಡನೆಯದು. ಇದು ನಿಜ. ಹಳ್ಳಿಯ ಬಡ ಬಸದಿಗೆ ವರ್ಷದ ಎಣ್ಣೆ-ಬತ್ತಿ ಸವಾಲಿನಿಂದಲೇ ಬರುತ್ತದೆ. ಸವಾಲು ನಿಲ್ಲಬೇಕೆಂದು ಹೇಳುವುದಕ್ಕಿಂತ, ಸವಾಲು ಹಿಡಿದವರನ್ನು "ಈ ವರ್ಷ ಏನ ಬಿಟ್ಟೀರಿ ಸಾಹುಕಾರ್ರ?" ಎಂದು ಕೇಳುವ ರೂಢಿ ಬರಲಿ ಎನ್ನಬಹುದು. ಹಾಗೆಯೇ ಸಕ್ಕರೆ ಬಿಟ್ಟ ಅಕ್ಕನನ್ನು "ಉದ್ಯಾಪನೆ ಎಲ್ಲಿ ಮಾಡೀರಿ?" ಎಂದು. ಚಹಾ ಬಿಟ್ಟ 2,400 ರೂಪಾಯಿಯನ್ನು ಪರ್ವದ ಕೊನೆಯಲ್ಲಿ ಹತ್ತು ಜನ ಕೂಡಿಸಿದರೆ ಊರಿನ ಬಸದಿಯ ಕಪಾಟಿನಲ್ಲಿ ಗೆದ್ದಲು ಹಿಡಿಯುತ್ತಿರುವ ನೋಂಪಿಯ ಓಲೆಗಳನ್ನು ಸ್ವಚ್ಛಗೊಳಿಸಿ ಛಾಯಾಪ್ರತಿ ತೆಗೆಸುವ ಕೆಲಸಕ್ಕೆ ಮೊದಲಿಡಬಹುದು. ಪಂಚಕಲ್ಯಾಣದಲ್ಲಿ ಹೆಲಿಕಾಪ್ಟರಿನಿಂದ ಹೂ ಸುರಿಸುವ ಊರುಗಳಲ್ಲೇ ಆ ಓಲೆಗಳ ಪಟ್ಟಿಯೂ ಆಗಿಲ್ಲದಿರುವುದು ಸಂಶೋಧಕರನ್ನು ಕಾಡಬೇಕಾದ ಸಂಗತಿ.

ಉತ್ಸವ ಬಿಟ್ಟು ಗ್ರಂಥಕ್ಕೆ ಕೊಟ್ಟ ನಿದರ್ಶನವೂ ಧವಲೆಯ ಚರಿತ್ರೆಯಲ್ಲೇ ಇದೆ. ಮೂಡಬಿದಿರೆಯ ಓಲೆಗಳ ಪಠ್ಯವನ್ನು ಡಾ. ಹೀರಾಲಾಲ್ ಜೈನರು ಸಂಪಾದಿಸಿ 1939ರಿಂದ 1958ರವರೆಗೆ 16 ಸಂಪುಟಗಳಲ್ಲಿ ಹೊರತಂದರು. ಅದಕ್ಕೆ ಮೂಲಧನ ಕೊಟ್ಟವರು ಭೇಲ್ಸಾ, ಅಂದರೆ ಇಂದಿನ ವಿದಿಶಾದ ಶ್ರೀಮಂತ ಸೇಠ್ ಲಕ್ಷ್ಮೀಚಂದ್ರರು. ಗಜರಥೋತ್ಸವ ನಡೆಸಬೇಕೆಂದಿದ್ದ ಅವರನ್ನು ಸಮಾಜದ ಹಿರಿಯರು ಒಲಿಸಿ ಸಾಹಿತ್ಯೋದ್ಧಾರದ ನಿಧಿ ಸ್ಥಾಪನೆಯ ಕಡೆ ತಿರುಗಿಸಿದರು. ಆನೆ ಎಳೆಯುವ ರಥದಲ್ಲಿ ಕೂರುವ ಗೌರವಕ್ಕಿಂತ ದೊಡ್ಡ ಭೋಗ ಆ ಕಾಲದ ವರ್ತಕನಿಗೆ ಇದ್ದಿರಲಾರದು. ಎಂಟು ನೂರು ವರ್ಷ ಹಿಂದೆ ದೇಮಿಯಕ್ಕ ಊಟ ಬಿಟ್ಟು ಬರೆಯಿಸಿದ್ದನ್ನು ಲಕ್ಷ್ಮೀಚಂದ್ರರು ರಥ ಬಿಟ್ಟು ಅಚ್ಚು ಹಾಕಿಸಿದರು. ದೇಮಿಯಕ್ಕನ ಹೆಸರು ಓಲೆಯಲ್ಲಿ ಅವಳ ನೋಂಪಿಯ ಹೆಸರಿನ ಜೊತೆಗೇ ಇದೆ. ಇಂದಿನ ಬಸದಿಗಳ ಗ್ರಾನೈಟ್ ಫಲಕಗಳಲ್ಲಿ ದಾನಿಯ ಹೆಸರು, ಊರು, ಮೊತ್ತ ಇರುತ್ತವೆ. ವ್ರತಕ್ಕೆ ಅಲ್ಲಿ ಅಂಕಣವಿಲ್ಲ.

ಫಲಕದ ಮಾತು ಬಂದಾಗ ಮತ್ತೆ ಚಾಗದ ಕಂಬ ನೆನಪಾಗುತ್ತದೆ. ಅದರ ಬುಡದ ನಾಲ್ಕೂ ಮುಖಗಳಲ್ಲಿ ಚಾವುಂಡರಾಯನ ಶಾಸನವಿತ್ತು ಎಂದು ವಿದ್ವಾಂಸರು ಭಾವಿಸುತ್ತಾರೆ. ಸುಮಾರು 1200ರಲ್ಲಿ ಹೆಗ್ಗಡೆ ಕಣ್ಣ ಎಂಬವನು ಆ ಕಂಬಕ್ಕೆ ಯಕ್ಷನನ್ನು ಮಾಡಿಸಿ, ಆ ಸಂಗತಿಯನ್ನು ಹೇಳುವ ತನ್ನ ಸಣ್ಣ ಬರಹಕ್ಕಾಗಿ ಮೂರು ಮುಖಗಳ ಹಳೆಯ ಅಕ್ಷರಗಳನ್ನು ತೆಗೆಸಿಹಾಕಿದ. ಉತ್ತರದ ಮುಖದಲ್ಲಿ ಉಳಿದಿರುವುದು ಚಾವುಂಡರಾಯನ ಯುದ್ಧಗಳ ವರ್ಣನೆ. ಉಳಿದ ಮೂರರಲ್ಲಿ ಏನಿದ್ದಿರಬಹುದೆಂದು ಶಾಸನತಜ್ಞರು ಈಗಲೂ ಊಹಿಸುತ್ತಿದ್ದಾರೆ.